ಸಾಹೇಬರು ಹಾಕಿದ ರೈಟು

ನಾನು ಚಿಕ್ಕವಳಿದ್ದಾಗ ಒಂದು ಸುಳ್ಳು ಹೇಳಿದ್ದೆ. ಮಕ್ಕಳೇ, ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಆ ಸುಳ್ಳಿನ ಮೇಲೆ ರೈಟು ಎಳೆದ ಸಾಹೇಬರ ಮೇಲಂತೂ ಇನ್ನೂ ಹೆಚ್ಚು.

ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಜಿಡಗಾ ಮಠಕ್ಕೆ ಹೋಗುವವರು ನಮ್ಮ ಶಾಲೆಯ ಮುಂದೆಯೇ ನಡೆದು ಹೋಗುತ್ತಿದ್ದರು. ಆ ಸರಕಾರಿ ಶಾಲೆಯಲ್ಲಿ ನಾಲ್ಕು ತರಗತಿಗೆ ಇಬ್ಬರೇ ಮಾಸ್ತರರು. ಒಬ್ಬರು ನನ್ನ ಅಪ್ಪ. ಇನ್ನೊಬ್ಬರು ಹೆಡ್ ಮಾಸ್ತರರು, ಅವರು ಶಾಲೆಯಲ್ಲಿ ಇದ್ದುದಕ್ಕಿಂತ ಊರೂರು ತಿರುಗಿದ್ದೇ ಹೆಚ್ಚು. ಹಾಗಾಗಿ ನಾಲ್ಕೂ ತರಗತಿಗಳನ್ನು ಅಪ್ಪ ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದರು. ಈ ಮೂಲೆಯಲ್ಲಿ ಮಗ್ಗಿ, ಆ ಮೂಲೆಯಲ್ಲಿ ಅಆಇಈ, ನಡುವೆ ಗಂಟಲು ಹರಿದುಕೊಳ್ಳುವ ಅಪ್ಪ. ಸಂಜೆ ಮನೆಗೆ ಬಂದಾಗ ಅವರ ದನಿಯೇ ಹೊರಡುತ್ತಿರಲಿಲ್ಲ.

ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ತಮ್ಮಂದಿರನ್ನು ನೋಡಿಕೊಳ್ಳುತ್ತ ಎರಡು ವರ್ಷ ಮನೆಯಲ್ಲಿ ಉಳಿದು ಆಮೇಲೆ ಶಾಲೆಗೆ ಬಂದಿದ್ದಳು. ನಾನು ಏನು ಮಾಡಿದರೂ ಅದೇ ಸರಿ ಎಂದು ನಂಬಿದವಳು.

ಆ ವರ್ಷ ಮೇಲಿನಿಂದ ಒಂದು ದೊಡ್ಡ ಹಾಳೆ ಬಂತು. ಇಡೀ ದೇಶದಲ್ಲಿ ಯಾವ ತರಗತಿಯ ಮಗುವಿಗೆ ಎಷ್ಟು ಓದಲು, ಎಷ್ಟು ಲೆಕ್ಕ ಮಾಡಲು ಬರಬೇಕು ಎಂದು ಅದರಲ್ಲಿ ಬರೆದಿತ್ತು. ಬಂದರೆ ರೈಟು, ಬರದಿದ್ದರೆ ತಪ್ಪು ಎಂದು ಹೆಸರಿನ ಮುಂದೆ ಗುರುತು ಹಾಕಬೇಕು. ಮಕ್ಕಳು ಹಿಂದೆ ಬಿದ್ದಿರುವ ಶಾಲೆಗೆ ಇನ್ನೊಬ್ಬ ಮಾಸ್ತರರನ್ನು ಕೊಡುತ್ತಾರಂತೆ. ಅಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. “ದೇಶಕ್ಕೆಲ್ಲ ಒಂದ ಅಳತಿ. ಛಲೋ ಆತು. ಇನ್ನ ನಮ್ಮ ಸಾಲಿಗೂ ಒಬ್ಬ ಮಾಸ್ತರ ಬರ್ತಾನ,” ಎಂದು ಅವ್ವನ ಮುಂದೆ ಹೇಳಿದ್ದರು.

ನಮ್ಮನ್ನು ಪರೀಕ್ಷಿಸಲು ಅಪ್ಪ ಪಾಠದ ಪುಸ್ತಕ ಮುಟ್ಟಲೇ ಇಲ್ಲ. ಬೆಲ್ಲ ಕಟ್ಟಿಸಿಕೊಂಡು ಬಂದಿದ್ದ ಹಳೆಯ ಪೇಪರಿನ ಚೂರನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಓದಲು ಹೇಳಿದರು. ಪಾಠಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದವಳು ನಾನು, ಮಾಸ್ತರರ ಮಗಳು! ಅಂಟಂಟಾದ ಆ ಚೂರನ್ನು ಹಿಡಿದು ನಿಂತೆ. ಅಕ್ಷರಗಳೆಲ್ಲ ಗೊತ್ತು, ಆದರೆ ಒಂದಕ್ಕೊಂದು ಕೂಡಲಿಲ್ಲ. ಅಷ್ಟು ದಿನ ನಾನು ಓದಿದ್ದೆಲ್ಲ ಬರೀ ಕೇಳಿ ಕಲಿತ ಬಾಯಿಪಾಠ. ಅಪ್ಪ ನನ್ನ ಹೆಸರಿನ ಮುಂದೆ ತಪ್ಪು ಗುರುತು ಹಾಕಿದರು. ಅಕ್ಕನ ಮುಂದೆಯೂ ಹಾಕಿದರು. ನಾನು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಶಾಲೆಗಳ ತಪಾಸಣೆ ಮಾಡುವ ಸಾಹೇಬರ ಜೀಪು ಬಂತು. ಬೆಳಿಗ್ಗೆಯಿಂದ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಸಾಹೇಬರು ಮೊದಲು ಹೋಗಿ ಕೂತದ್ದು ಊಟಕ್ಕೆ. ಹುಗ್ಗಿ, ತುಪ್ಪ, ಬದನೆಕಾಯಿ ಎಣಗಾಯಿ, ಅದರ ವಾಸನೆ ಬಿಸಿಲಲ್ಲಿ ನಿಂತ ನಮ್ಮವರೆಗೂ ಬರುತ್ತಿತ್ತು. ಉಂಡು ತೇಗಿ, ಪಾನ್ ಜಗಿಯುತ್ತ ಬಂದವರು ಕೋಣೆಯ ಮೂಲೆಗೆ ಪಿಚಕ್ಕೆಂದು ಉಗುಳಿದರು. ಗೋಡೆಯಿಂದ ಕೆಂಪು ನೀರು ಇಳಿಯಿತು. ನಾವು ದಿನಾ ಕೂತು ಕಲಿಯುವ ಜಾಗ ಅದು!

ಹಾಳೆ ನೋಡಿದ್ದೇ ತಡ, ಅವರ ಮುಖ ಗಂಟಿಕ್ಕಿತು.

“ಏನ್ರಿ ಮಾಸ್ತರ, ಎಲ್ಲಾ ತಪ್ಪ ಹಾಕೀರಿ? ಇದನ್ನ ಮ್ಯಾಲೆ ಕಳಸಿದ್ರ ನನ್ನ ಮಾನ ಏನ್ರಿ ಉಳೀತದ?”

“ಮಕ್ಕಳಿಗಿ ಬರೂದಿಲ್ರಿ ಸಾಹೇಬ್ರ. ಇದ್ದದ್ದ ಬರದೇನಿ,” ಎಂದರು ಅಪ್ಪ.

ಹೆಡ್ ಮಾಸ್ತರರು ನಡುವೆ ಬಾಯಿ ಹಾಕಿ, ನನ್ನನ್ನು ಎಬ್ಬಿಸಿ, ಪುಸ್ತಕ ತೆರೆದು ಕೊಟ್ಟರು. ನಾನು ಪಾಠವನ್ನು ಗಡಗಡ ಒಪ್ಪಿಸಿದೆ. ಸಾಹೇಬರು ನಕ್ಕರು.

“ನೋಡ್ರಿ, ಹೆಂಗ ಓದಾಕತ್ತಾಳ! ಏನವ್ವ, ನಿನಗ ಓದಾಕ ಬರ್ತದಿಲ್ಲ?”

ಅಪ್ಪ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದಿದ್ದರೆ ಸಾಕಿತ್ತು. ಆದರೆ ಎಲ್ಲರ ಮುಂದೆ ದಡ್ಡಿ ಎನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

“ಬರ್ತದ್ರಿ,” ಅಂದೆ.

“ನಿನಗ?” ಎಂದು ಅಕ್ಕನನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. “ನನಗೂ ಬರ್ತದ್ರಿ.”

ಸಾಹೇಬರು ಅಪ್ಪನ ಕೈಯಿಂದಲೇ ಪೆನ್ನು ತೆಗೆದುಕೊಂಡು ತಪ್ಪುಗಳನ್ನೆಲ್ಲ ಹೊಡೆದು ಹಾಕಿ ಸಾಲಾಗಿ ರೈಟು ಎಳೆದರು. ಒಂದು ಮಗುವಿನ ಕಡೆಗೂ ತಲೆ ಎತ್ತಿ ನೋಡಲಿಲ್ಲ. ಕೆಳಗೆ ಅಪ್ಪನ ಸಹಿ ಹಾಕಿಸಿಕೊಂಡು ಹೋದರು. ಥೂ! ಸಾಹೇಬರು ಉಗುಳಿದ್ದನ್ನು ತೊಳೆಯಲು ಹೆಡ್ ಮಾಸ್ತರರು ನಮ್ಮಿಬ್ಬರಿಗೇ ಹೇಳಿದರು. ತಿಕ್ಕುತ್ತ ಅಕ್ಕ ಮೆಲ್ಲಗೆ, “ನೀ ಇಲ್ಲ ಅಂದಿದ್ರ ನಾನೂ ಇಲ್ಲ ಅಂತಿದ್ದೆ,” ಅಂದಳು.

ಎಲ್ಲರಿಗೂ ಓದಲು ಬರುವ ಶಾಲೆಗೆ ಇನ್ನೊಬ್ಬ ಮಾಸ್ತರ ಯಾಕೆ? ಅವರು ಬರಲೇ ಇಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ. ದಿನಾ ಸಂಜೆ ಅಂಗಳದಲ್ಲಿ ಕೂರಿಸಿಕೊಂಡು ಅಕ್ಷರ ಕೂಡಿಸುವುದನ್ನು ಕಲಿಸಿದರು. ಅಕ್ಕನನ್ನೂ ಕರೆದರು. ಮೂರು ದಿನ ಬಂದಳು. ಅಷ್ಟರಲ್ಲಿ ತೊಗರಿ ಕೊಯ್ಲು ಶುರುವಾಯಿತು, ಅವಳ ಅವ್ವ ಹೊಲಕ್ಕೆ ಕರೆದುಕೊಂಡು ಹೋದಳು. ಶಾಲೆಗೂ ಅವಳು ಮತ್ತೆ ಸರಿಯಾಗಿ ಬರಲಿಲ್ಲ.

ಈಗ ನಿಮ್ಮ ಶಾಲೆಯ ಪ್ರಗತಿ ಕಾರ್ಡು ಮೊಬೈಲಿಗೇ ಬರುತ್ತದೆ, ತುಂಬ ಹಸಿರು ನಕ್ಷತ್ರ. ‘ಚೆನ್ನಾಗಿ ಓದುತ್ತಾನೆ’ ಎಂದು ಅದರಲ್ಲಿದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಜೇವರ್ಗಿ ಬಸ್ಸಿನ ಬೋರ್ಡು ಓದು ಅಂದರೆ ನಮ್ಮ ಮೊಮ್ಮಗ ರಾಯರು ಅಕ್ಷರ ಬಿಟ್ಟು ಬೋರ್ಡಿನ ಬಣ್ಣ ನೋಡಿ ಅಫಜಲಪುರ ಅಂದರು. ನನಗೆ ನಗು ಬರಲಿಲ್ಲ, ಸಾಹೇಬರ ರೈಟು ನೆನಪಾಯಿತು. ಏ ಮೊಮ್ಮಗನೇ, ನಾಳೆಯಿಂದ ಸಂಜೆ ಅಂಗಳಕ್ಕೆ ಬಂದು ಕೂರು, ಟೀವಿ ಆಮೇಲೆ.

ಅಕ್ಕ ಈಗಲೂ ಊರಿನಲ್ಲಿದ್ದಾಳೆ. ನಾನು ಹೋದಾಗಲೆಲ್ಲ ಮಗ ಕಳಿಸಿದ ಮೆಸೇಜನ್ನು ನನ್ನ ಮುಂದೆ ಹಿಡಿದು, “ಏನಂತ ಬರದಾನ, ಓದವ್ವ,” ಅನ್ನುತ್ತಾಳೆ. ಓದಿ ಹೇಳುತ್ತೇನೆ. “ನೀ ಸಣ್ಣಾಕಿದ್ದಾಗಿಂದನೂ ಶಾಣ್ಯಾಕಿ,” ಎಂದು ಅವಳು ಇಂದಿಗೂ ನನ್ನ ಬೆನ್ನು ತಟ್ಟುತ್ತಾಳೆ.