ಡಾಕ್ಟರನ್ನು ಹುಡುಕಿಕೊಂಡು ಬರುತ್ತಿದ್ದ ಸುಬ್ರಾಯ ಮಾಸ್ತರರು

"ನಿಮಗೆ ಈಜು ಬತ್ತದೋ?" ಎಂದು ಸುಬ್ರಾಯ ಮಾಸ್ತರರು ಕೇಳಿದ ಕೂಡಲೇ, ಎದುರಿಗೆ ಊಟಕ್ಕೆ ಕೂತ, ಆಗಷ್ಟೇ ಡಾಕ್ಟರಿಕೆ ಪಾಸಾದ ಹುಡುಗನ ಕೈಯ ತುತ್ತು ಬಾಯಿಗೆ ಹೋಗದೆ ನಿಲ್ಲುತ್ತಿತ್ತು. ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಇದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಆಟ. ಒಳಗೆ ಭಕ್ರಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದೆ. ಅಲ್ಲ, ಒಬ್ಬನನ್ನು ಊರಿಗೆ ಕರೆಯುವವರು ಮೊದಲು ಊರಿನ ಗಾಳಿ ಹೊಗಳಬೇಕು, ನೀರು ಹೊಗಳಬೇಕು. ಈ ಪುಣ್ಯಾತ್ಮರು ಈಜಿನಿಂದ ಶುರು ಮಾಡಿದರೆ ಯಾವ ತಾಯಿ ತನ್ನ ಮಗನನ್ನು ಕಳಿಸಿಯಾಳು?

ಅವರ ಊರು ಕಾರವಾರ ಜಿಲ್ಲೆಯ ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಮೂರು ಬದಿ ನೀರು. ಆಗ ಆ ಜಿಲ್ಲೆಯೂ ನಮ್ಮ ಧಾರವಾಡವೂ ಪುಣೆಯೂ ಎಲ್ಲ ಒಂದೇ ಮುಂಬಯಿ ಇಲಾಖೆ. ಲೋಕಲ್ ಬೋರ್ಡಿನವರು ಅಲ್ಲೊಂದು ಡಿಸ್ಪೆನ್ಸರಿ ಕಟ್ಟಿಸಿ, ಔಷಧದ ಕಪಾಟು ಇಡಿಸಿ, ಡಾಕ್ಟರನ್ನು ಮಾತ್ರ ನೀವೇ ನೋಡಿಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದರು. ನೋಡಿಕೊಳ್ಳುವ ಕೆಲಸ ಶಾಲೆಯ ಮಾಸ್ತರರ ಕುತ್ತಿಗೆಗೆ ಬಿತ್ತು. ನಮ್ಮ ಮನೆಯವರು ಪುಣೆಯ ವೈದ್ಯಕೀಯ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತರು. ಯಾರು ಪಾಸಾದರು, ಯಾರಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂಬುದು ಅವರಿಗೆ ಗೊತ್ತು. ಯಾರೋ ಅವರ ಹೆಸರು ಹೇಳಿದ್ದೇ ನೆಪವಾಗಿ ಮಾಸ್ತರರು ಬೇಸಿಗೆಯ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು ನಿಂತರು. ಆಮೇಲೆ ಪ್ರತಿ ಬೇಸಿಗೆಗೂ ಬಂದರು.

ಉದ್ದನೆಯ ಆಳು. ಕರಿ ಟೋಪಿ, ಗುಂಡಿ ಹಾಕಿದ ಕೋಟು, ಮೊಣಕಾಲಿನ ಕೆಳಗಷ್ಟೇ ಇಳಿಯುವ ಧೋತರ. ಅಷ್ಟು ಮೇಲೆ ಯಾಕೆ ಉಡುತ್ತೀರೆಂದು ಕೇಳಿದ್ದಕ್ಕೆ, "ನಮ್ಮಲ್ಲಿ ದೋಣಿ ಇಳಿಯುವಾಗ ಒದ್ದೆಯಾಗ್ತದೆ ತಂಗೀ, ಇಲ್ಲಿಗೆ ಬಂದ್ರೂ ಇಳಿಸ್ಲಿಕ್ಕೆ ನೆನಪಾಗುದಿಲ್ಲ" ಎಂದರು. ಬರುವಾಗ ನನಗೆ ಸಾರಿನ ಹುಳಿಗೆಂದು ಒಂದು ಗಂಟು ಮುರುಗಲ ಸಿಪ್ಪೆ, ಒಂದಿಷ್ಟು ಹಲಸಿನ ಹಪ್ಪಳ. ಉಂಡ ತಟ್ಟೆ ತೊಳೆಯಲು ನನಗೆ ಬಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಮಲಗಿ, ಬೆಳಗಾದರೆ ವೈದ್ಯಕೀಯ ಶಾಲೆಯ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದರು. ಮಧ್ಯಾಹ್ನ ಒಬ್ಬನೋ ಇಬ್ಬರೋ ಹುಡುಗರನ್ನು ಊಟಕ್ಕೆ ಕರೆತರುತ್ತಿದ್ದರು. ನಮ್ಮ ಮನೆ ಊಟಕ್ಕೆ ಅವರದು ಧಾರಾಳ ಆಮಂತ್ರಣ!

ಹುಡುಗರು ಬರುವ ತನಕ ಸರಿ. ಊಟಕ್ಕೆ ಕೂತ ಮೇಲೆ ಈಜು, ಆಮೇಲೆ ಹಾವು, ಆಮೇಲೆ ಚಳಿಜ್ವರ. ಮಳೆಗಾಲದಲ್ಲಿ ಮುಂಬಯಿಯ ಹಡಗು ನಿಲ್ಲುತ್ತದೆ, ಘಟ್ಟದ ರಸ್ತೆ ಕುಸಿಯುತ್ತದೆ, ನಾಲ್ಕು ತಿಂಗಳು ಹೊರಗಿನ ಮುಖ ಕಾಣುವುದಿಲ್ಲ, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು. ಒಬ್ಬ ಮರಾಠಿ ಹುಡುಗ "ನಕೋ ರೇ ಬಾಬಾ" ಎಂದು ಮಜ್ಜಿಗೆಯನ್ನೂ ಕುಡಿಯದೆ ಎದ್ದ. ನನಗೆ ತಡೆಯಲಿಲ್ಲ.

"ಮಾಸ್ತರ್ರ, ನೀವು ಕರೀಲಿಕ್ಕೆ ಬಂದೀರೋ, ಹೆದರಸಲಿಕ್ಕೆ ಬಂದೀರೋ? ಒಂದೀಟು ಸುಳ್ಳು ಹೇಳಿದ್ರ ಏನು ಗಂಟು ಹೋಗ್ತದ್ರಿ?"

"ಹೇಳಿ ನೋಡಿದೆ ತಂಗೀ" ಎಂದರು ಅವರು, ತಪ್ಪು ಮಾಡಿದ ಹುಡುಗನ ಮುಖ ಮಾಡಿ. "ಒಬ್ಬನಿಗೆ ನಮ್ಮೂರು ಸ್ವರ್ಗ ಅಂತ ಹೇಳಿ ಹೊಳೆ ತನಕ ಕರಕೊಂಡು ಹೋದೆ. ದೋಣಿ ನೋಡಿದವ ಆಚೆ ದಂಡೆಯಿಂದ್ಲೇ ತಿರುಗಿ ಹೋದ. ಅಷ್ಟರಲ್ಲಿ ಅವನ ಟ್ರಂಕು ನಮ್ಮ ಬದಿಗೆ ಬಂದಾಗಿತ್ತು. ಅದನ್ನು ಹೊತ್ಕೊಂಡು ಮತ್ತೆ ನಾನೇ ಹುಬ್ಬಳ್ಳಿ ತನಕ ಹೋದೆ."

ನಾನು ನಕ್ಕು ನಕ್ಕು ಸೆರಗು ಕಣ್ಣಿಗೊತ್ತಿಕೊಂಡೆ. ಅವರೂ ನಕ್ಕರು. ಆಮೇಲೆ, ಆ ವರ್ಷ ಊರಲ್ಲಿ ಹೆರಿಗೆಯಲ್ಲಿ ತೀರಿಹೋದ ಹೆಂಗಸರ ಹೆಸರು ಹೇಳಿದರು. ಎಲ್ಲರೂ ಅವರ ಶಾಲೆಯಲ್ಲಿ ಮಗ್ಗಿ ಕಲಿತವರು.

ಕೊನೆಗೂ ಒಬ್ಬ ಸಿಕ್ಕಿದ. ಬೆಳಗಾವಿಯ ಹುಡುಗ ವಾಸುದೇವ. ಈಜಿನ ಪ್ರಶ್ನೆಗೆ ಅವನು, "ಬರೂದಿಲ್ರಿ. ನೀವ ಕಲಿಸ್ರಿ" ಎಂದು ಇನ್ನೊಂದು ಭಕ್ರಿ ಹಾಕಿಸಿಕೊಂಡ. ಮಾಸ್ತರರಿಗೆ ಆಕಾಶ ಮೂರೇ ಗೇಣು. ಬಂದವನು ಓಡಿಹೋಗದ ಹಾಗೆ ಏನು ಮಾಡುವುದೆಂದು ಅವರು ಚಿಂತೆಗೆ ಬಿದ್ದಾಗ ನಮ್ಮ ಮನೆಯವರು, "ನಿಮ್ಮ ಮಗಳು ಗಿರಿಜೆ ಅದಾಳಲ್ರಿ, ಮತ ಒಂದ, ಗೋತ್ರ ಬ್ಯಾರೆ. ಕೊಟ್ಟುಬಿಡ್ರಿ. ಅಳಿಯ ಅಂದಮ್ಯಾಲೆ ಎಲ್ಲಿಗೆ ಹೋಗ್ತಾನ?" ಎಂದರು. ಜಾತಕವೂ ಕೂಡಿತು. ಮದುವೆ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಅಂಗಳದಲ್ಲೇ ಆಯಿತು, ಲಾಡು ಕಟ್ಟಿದವಳು ನಾನೇ.

ವಾಸುದೇವ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಹೋದ, ಡಿಸ್ಪೆನ್ಸರಿ ತೆರೆದ, ದೋಣಿಯಲ್ಲಿ ಕೂತು ಕೇರಿ ಕೇರಿ ತಿರುಗಿದ. ಮಳೆಗಾಲದಲ್ಲಿ ಅವನಿಗೇ ಚಳಿಜ್ವರ ಹಿಡಿಯಿತು. ಕಪಾಟಿನಲ್ಲಿ ಕ್ವಿನೈನ್ ಮುಗಿದಿತ್ತು, ಬೋರ್ಡಿನವರು ಕಳಿಸಲಿಲ್ಲ. ಮಳೆ ನಿಂತ ಮೇಲೆ ಎಲುಬಿನ ಗೂಡಾಗಿ ಪುಣೆಗೆ ಬಂದವನು ದಂಡಿನವರ ಕ್ಯಾಂಪ್ ಪೇಟೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ದವಾಖಾನೆ ಹಾಕಿದ. ಬೆನ್ನಿಗೇ ಗಿರಿಜೆಯೂ ಬಂದಳು. ಮಗಳನ್ನು ಕೊಟ್ಟರೆ ಅಳಿಯ ಉಳಿಯುತ್ತಾನೆಂದು ನಂಬಿದ್ದ ಈ ಇಬ್ಬರು ಗಂಡಸರಿಗೆ, ಅಳಿಯ ಹೊರಟರೆ ಮಗಳೂ ಹೊರಡುತ್ತಾಳೆಂಬುದು ಹೊಳೆದೇ ಇರಲಿಲ್ಲ! ಮಾಸ್ತರರು ಮುಂದಿನ ಬೇಸಿಗೆ ಮತ್ತೆ ಗೇಟಿನ ಬಳಿ ನಿಂತರು. ಆಗ ಯುದ್ಧ ಶುರುವಾಗಿತ್ತು. ಪಾಸಾದವರೆಲ್ಲ ಮಿಲಿಟರಿಗೆ ಹೋಗುತ್ತಿದ್ದರು.

ಅದರ ಮರುವರ್ಷ ವೈಶಾಖದಲ್ಲಿ ಅವರು ಬಂದದ್ದು ಡಾಕ್ಟರಿಗಾಗಿ ಅಲ್ಲ. ಗಿರಿಜೆ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಕರೆದುಕೊಂಡೇ ಬನ್ನಿ ಎಂದು ಹೆಂಡತಿ ಅವರನ್ನು ಅಟ್ಟಿದ್ದರು. ಗಿರಿಜೆ ಗಂಡನ ಜೊತೆ ನಮ್ಮ ಮನೆಗೇ ಬಂದಳು. ವಾಸುದೇವ ಮುಚ್ಚುಮರೆ ಮಾಡಲಿಲ್ಲ. "ಮಾವಾರ, ಆಕೀ ಸೊಂಟ ಸಣ್ಣದ. ಹೆರಿಗೆ ತ್ರಾಸ ಆಗಬಹುದು, ದೊಡ್ಡ ದವಾಖಾನಿ ಹತ್ರ ಇದ್ರ ಛಲೋ. ಆದ್ರ ನಿಮ್ಮ ಪದ್ಧತಿ ನಾ ಮುರಿಯೂದಿಲ್ಲ. ಆಕೀ ಹೋದ್ರ ನಾನೂ ಬರ್ತೀನಿ, ಮಳಿಗಾಲ ಮುಗಿಯೂ ತನಕ ಅಲ್ಲೇ ಇರ್ತೀನಿ" ಎಂದು ಹೇಳಿ ದವಾಖಾನೆಗೆ ಹೋದ.

ಅವನ ಚಪ್ಪಲಿಯ ಸದ್ದು ಅಡಗುವುದನ್ನೇ ಕಾದಿದ್ದಳು ಹುಡುಗಿ. "ಅಪ್ಪಯ್ಯ, ನನ್ನ ಕರಕೊಂಡು ಹೋಗು" ಎಂದಳು. "ನಾ ಹೋದ್ರೆ ಅವರು ಬತ್ತಾರೆ. ಒಂದು ಮಳೆಗಾಲ ಇಡೀ ಊರಿಗೆ ಡಾಕ್ಟರು ಸಿಗ್ತಾರೆ. ಆಮೇಲೆ ಜನ ಅವರನ್ನ ಹೋಗ್ಲಿಕ್ಕೆ ಬಿಟ್ರಲ್ದಾ?"

"ನಿನ್ನ ಸೊಂಟದ ವಿಷಯ ಎಂತ ಹೇಳಿದ್ರು, ಕೇಳಿದ್ಯಾ?"

"ಕೇಳಿದೆ. ಆಯಿ ನನ್ನ ಹಡಿಲಿಲ್ವಾ ಅಲ್ಲಿ?"

ಮಾಸ್ತರರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಇಷ್ಟು ವರ್ಷ ಊರೂರು ಅಲೆದು ಬೇಡಿದ್ದು ಈಗ ಕೈಗೆ ಬಂದಿತ್ತು, ಮಗಳನ್ನು ಎಬ್ಬಿಸಿಕೊಂಡು ಸ್ಟೇಷನ್ನಿಗೆ ಹೋದರೆ ಸಾಕಿತ್ತು. ಆಮೇಲೆ ಅವರು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, "ಬೇಡ ಮಗಾ. ನೀ ಇಲ್ಲೇ ಇರು" ಎಂದರು. ಗಿರಿಜೆ ಅತ್ತಳು, ಸಿಟ್ಟು ಮಾಡಿದಳು, "ನಿನಗೆ ಊರು ಬೇಡಾಯ್ತಾ?" ಎಂದು ಕೇಳಿದಳು. ಮರುದಿನ ಮಾಸ್ತರರು ಒಬ್ಬರೇ ಹೋದರು.

ಶ್ರಾವಣದಲ್ಲಿ ಗಿರಿಜೆಗೆ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಗಂಡು ಮಗು ತೆಗೆದರು. ಬಾಣಂತನ ನಾನು ಮಾಡಿದೆ. ದಸರೆ ಮುಗಿದ ಮೇಲೆ ಮಾಸ್ತರರು ಮೊಮ್ಮಗನನ್ನು ನೋಡಲು ಬಂದರು. ನಾನಂತೂ ಅವರು ಒಳಗೆ ಬರುವ ಮೊದಲೇ, "ನೀವು ಕರಕೊಂಡು ಹೋಗಲಿಲ್ಲ ಅಂತ ಇಬ್ಬರೂ ಉಳಿದ್ರು ನೋಡ್ರಿ ಮಾಸ್ತರ್ರ! ನಿಮಗ ಭಾಳ ಪುಣ್ಯ ಬರ್ತದ" ಎಂದುಬಿಟ್ಟೆ.

ಅವರು ಮಗುವನ್ನು ಎತ್ತಿಕೊಂಡು ಅದರ ಅಂಗಾಲು ಸವರುತ್ತ ಕೂತರು. "ದೋಣಿ ನಾಗಪ್ಪನ ಮಗಳು ಹೋದಳು" ಎಂದರು. "ಹೆರಿಗೆ ಚೆಂದ ಆಯ್ತು. ರಕ್ತ ನಿಲ್ಲಲಿಲ್ಲ."

ವಾಸುದೇವ ಅಲ್ಲೇ ಇದ್ದ. ಅವನ ಬಾಯಿಂದ ತಾನಾಗಿ ಬಂತು: "ಒಂದ ಇಂಜೆಕ್ಷನ್..." ಅಷ್ಟಕ್ಕೇ ನಿಲ್ಲಿಸಿದ.

"ನಾ ಹೇಳಿದ್ನಲ್ಲ ಅಪ್ಪಯ್ಯ" ಎಂದಳು ಗಿರಿಜೆ.

"ನೀ ಹೇಳಿದ್ದೆ ಮಗಾ. ಮಳೆಗಾಲ ಇಡೀ ಅದನ್ನೇ ಯೋಚನೆ ಮಾಡ್ದೆ. ಆ ದಿನ ಮತ್ತೆ ತಿರುಗಿ ಬಂದ್ರೂ ನಾ ನಿನ್ನ ಇಲ್ಲೇ ಬಿಟ್ಟು ಹೋಗ್ತಿದ್ದೆ. ನಾಗಪ್ಪ ದಿನಾ ನನ್ನ ಹೊಳೆ ದಾಟಿಸ್ತಾನೆ. ಅವನಿಗೆ ಎಂತ ಹೇಳ್ಲಿ?"

ಮಾಸ್ತರರು ಮಗುವನ್ನು ನನ್ನ ಕೈಗೆ ಕೊಟ್ಟು, ಎಂದಿನಂತೆ ಉಂಡ ತಟ್ಟೆ ತೊಳೆದಿಟ್ಟು ಸಂಜೆಯ ಗಾಡಿಗೆ ಹೊರಟರು. ಶಾಲೆಯ ಗೇಟಿನ ಕಡೆ ಹೋಗಲಿಲ್ಲ.

ಮುಂದಿನ ಬೇಸಿಗೆ ಅವರು ಬರಲಿಲ್ಲ. ಆಷಾಢದಲ್ಲಿ, ಮಾಸ್ತರರಿಗೆ ಜ್ವರ ಜಾಸ್ತಿಯಾಗಿದೆ ಎಂದು ತಂತಿ ಬಂತು. ವಾಸುದೇವ ಔಷಧದ ಚೀಲ ಹಿಡಿದು ಅದೇ ದಿನದ ಗಾಡಿಗೆ ಓಡಿದ. ಘಟ್ಟದಲ್ಲಿ ರಸ್ತೆ ಕುಸಿದಿತ್ತು, ನಡೆದೇ ಇಳಿದನಂತೆ. ಅವನು ಹೊಳೆಯ ದಂಡೆಗೆ ಮುಟ್ಟಿದಾಗ ಮಾಸ್ತರರ ಸಂಸ್ಕಾರ ಮುಗಿದು ಎರಡು ದಿನವಾಗಿತ್ತು.

ವೈಕುಂಠ ಸಮಾರಾಧನೆಯ ತನಕ ಅವನು ಅಲ್ಲೇ ಉಳಿದ. ಡಿಸ್ಪೆನ್ಸರಿ ಬಾಗಿಲು ತೆಗೆದು ಕೂತನಂತೆ. ಸುರಿಯುವ ಮಳೆಯಲ್ಲಿ ದೋಣಿ ತುಂಬ ಜನ, ಕಂಬಳಿ ಹೊದ್ದ ಮುದುಕರು, ಬಸುರಿಯರು, ಮಕ್ಕಳು, ದಿನವೂ ಬಂದರಂತೆ. ಸಮಾರಾಧನೆಯ ಊಟ ಹಾಕಿದ ಮರುದಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟು ಪುಣೆಗೆ ತಿರುಗಿ ಬಂದ.