ಗೆಳತಿಯ ಮಣೆ

ನಾನು ಚಿಕ್ಕವಳಿದ್ದಾಗ ನಮ್ಮ ಮಾರೇನಹಳ್ಳಿಯ ಸುತ್ತ ಬರೀ ರಾಗಿ ಹೊಲ. ಶಾಲೆಗೆ ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟರು. ಕೂರುವ ಮಣೆಯನ್ನು ಮನೆಯಿಂದ ನಾವೇ ತರಬೇಕು. ಒಂದನೇ ತರಗತಿಯ ಮಣೆಗಳು ಎಲ್ಲಕ್ಕಿಂತ ಮುಂದೆ, ನಾಲ್ಕನೆಯದು ಹಿಂದಿನ ಗೋಡೆಗೆ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಬಾಯಿಲೆಕ್ಕ ಕೇಳುತ್ತಿದ್ದರು. ಸರಿ ಹೇಳಿದವರ ಮಣೆ ಒಂದು ಸಾಲು ಹಿಂದಕ್ಕೆ. ನಮ್ಮಲ್ಲಿ ಹಿಂದಕ್ಕೆ ಹೋದವರೇ ಜಾಣರು, ನಗಬೇಡಿ ಮಕ್ಕಳೇ!

ನನ್ನ ಮಣೆಯಂತೂ ಮೂರನೇ ಸಾಲಿನಲ್ಲಿ ಬೇರು ಬಿಟ್ಟಿತ್ತು. "ಈ ಸಲಾನೂ ಅಲ್ಲೇ ಕೂತ್ರೆ ಸ್ಕೂಲು ಸಾಕು, ಅಕ್ಕನ ಜೊತೆ ಹೊಲಕ್ಕೆ ಹೋಗು" ಎಂದಿದ್ದರು ಅಪ್ಪ. ನನಗೆ ಓದು ಬಿಡುವ ಮನಸ್ಸಿರಲಿಲ್ಲ.

ಎಡಗಡೆಯ ಮಣೆ ನನ್ನ ಗೆಳತಿಯದು. ಸದಾ ಹುಣಸೆಹಣ್ಣು ಚೀಪುತ್ತಿದ್ದ ಅವಳು, ನಾನು ತಡವರಿಸಿದಾಗಲೆಲ್ಲ ಕಿವಿಯಲ್ಲಿ ಉತ್ತರ ಪಿಸುಗುಡುತ್ತಿದ್ದಳು. ಆ ಚಳಿಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಮಣೆ ಮಾತ್ರ ಅಲ್ಲೇ ಉಳಿಯಿತು. ಪಾಸಾಗದ ಮಣೆಯನ್ನು ಕದಲಿಸಬಾರದು ಎನ್ನುವುದು ನಮ್ಮ ಶಾಲೆಯ ನೇಮ.

ಇನ್‌ಸ್ಪೆಕ್ಟರು ಬಂದ ಮಧ್ಯಾಹ್ನ ಮೋಡ ಕವಿದು ಕೋಣೆ ಕತ್ತಲಾಗಿತ್ತು. ಗಾಳಿ ನಿಂತು, ಹೊರಗೆ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ನನ್ನ ಸರದಿ ಬಂತು.

"ಹದಿನಾರರ ಮುಕ್ಕಾಲು ಎಷ್ಟಮ್ಮ?"

ಅಪ್ಪನ ಮಾತು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಆಗ ಎಡಗಿವಿಗೆ ತಣ್ಣನೆಯ ಉಸಿರು ತಾಕಿತು. ಹುಣಸೆಹಣ್ಣಿನ ವಾಸನೆ.

"ಹನ್ನೆರಡು ಕಣೇ."

"ಹನ್ನೆರಡು ಸಾರ್" ಎಂದೆ. ಎಡಕ್ಕೆ ತಿರುಗಿ ನೋಡಲು ಭಯ.

ಇನ್‌ಸ್ಪೆಕ್ಟರು ಗದರಿದರು. "ಪಕ್ಕದ ಹುಡುಗಿ ಹೇಳ್ಕೊಟ್ಲು! ಯಾರಮ್ಮ ಅದು, ಎದ್ದು ನಿಂತ್ಕೋ."

ಯಾರೂ ಏಳಲಿಲ್ಲ. "ಸಾರ್, ಅಲ್ಲಿ ಕೂರ್ತಿದ್ದ ಮಗು ತೀರ್ಕೊಂಡುಬಿಡ್ತು" ಎಂದರು ಮೇಷ್ಟರು.

ಇನ್‌ಸ್ಪೆಕ್ಟರು ಖಾಲಿ ಮಣೆಯನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು: "ಇಪ್ಪತ್ತರ ಮುಕ್ಕಾಲು?"

ಕಾದೆ. ಈ ಸಲ ಯಾರೂ ಪಿಸುಗುಡಲಿಲ್ಲ. ಅರ್ಧ ಹತ್ತು, ಕಾಲು ಐದು ಎಂದು ನಾನೇ ಬೆರಳು ಮಡಿಚಿದೆ. "ಹದಿನೈದು ಸಾರ್."

"ಎರಡು ಮಣೇನೂ ಹಿಂದಕ್ಕೆ ಹಾಕಿ ಮೇಷ್ಟ್ರೇ" ಎಂದು ಹೇಳಿ ಅವರು ಹಣೆಯ ಬೆವರು ಒರೆಸಿಕೊಂಡರು.

ಈಗ ನಿಮ್ಮ ಲೆಕ್ಕ ನೋಡುವುದು ಮೊಬೈಲು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ನೀವು ಯಾವ ತರಗತಿಯ ಮಟ್ಟದಲ್ಲಿದ್ದೀರಿ ಎಂದು ಅಮ್ಮನಿಗೂ ಅದೇ ಹೇಳಿಬಿಡುತ್ತದೆ. ಒಳ್ಳೆಯದೇ ಬಿಡಿ. ಆದರೆ ನಿಮ್ಮೊಡನೆ ಲೆಕ್ಕಕ್ಕೆ ಕೂರುವಾಗ ಈ ಅಜ್ಜಿ ಎಡಗಡೆ ಒಬ್ಬರು ಕೂರುವಷ್ಟು ಜಾಗ ಯಾಕೆ ಬಿಡುತ್ತಾಳೆ ಎಂದು ಕೇಳುತ್ತಿದ್ದಿರಲ್ಲ? ಅದು ನನ್ನ ಆ ಗೆಳತಿಗೆ.