ಕುಂಡದಲ್ಲಿ ಹೂತ ಪಟ್ಟಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ನೆರೆಮನೆಯ ಹಿರಿಯರದೊಂದು ಸಣ್ಣ ಬಟ್ಟೆ ಅಂಗಡಿ. ಹೊಸ ಹತ್ತಿ ಬಟ್ಟೆ ಬಂದಾಗಲೆಲ್ಲ ತುದಿಯಿಂದ ಒಂದು ಪಟ್ಟಿ ಕತ್ತರಿಸಿ, ಹಿತ್ತಲ ಹೂಕುಂಡದ ಮಣ್ಣಿನಲ್ಲಿ ಹೂತು ನೋಡುತ್ತಿದ್ದರು. "ಮೈಗೆ ಹಿಡಿಸಿದ್ರೆ ಸಾಲ್ದು ಮಾರಾಯ್ತಿ, ಮಣ್ಣಿಗೂ ಹಿಡಿಸ್ಬೇಕು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಅಮ್ಮ ತೀರಿಕೊಂಡಾಗ, ಕಾಯಿಲೆಯ ದಿನಗಳಲ್ಲಿ ಅವಳು ಹೊದೆಯುತ್ತಿದ್ದ ಹೊದಿಕೆಯನ್ನೇ ಮಣ್ಣಿಗಿಡುವಾಗಲೂ ಹೊದಿಸೋಣವೆಂದು ತೆಗೆದಿಟ್ಟಿದ್ದೆ. ಶಿವಮೊಗ್ಗದಲ್ಲಿ ಕೊಂಡ ಹತ್ತಿಯ ಹೊದಿಕೆ. ಮನೆಗೆ ಬಂದಿದ್ದ ಅವರು ಕನ್ನಡಕವನ್ನು ಹಣೆಗೇರಿಸಿ ಅದರ ಲೇಬಲ್ ಓದಿದರು.

"ಕ್ರಿಮಿ ಬೆಳೀದಂಗೆ ಇದಕ್ಕೆ ಔಷಧಿ ಹಾಕಿದಾರೆ ಕಣಮ್ಮ. ಇಂಥದ್ದನ್ನೂ ಹೂತು ನೋಡಿದೀನಿ. ಬರೀ ಹತ್ತಿ ಎರಡು ತಿಂಗಳಲ್ಲಿ ಪುಡಿಯಾಯ್ತು, ಔಷಧಿ ಹಾಕಿದ್ದರ ಅಂಚೂ ಹಂಗೇ ಇತ್ತು. ಮಣ್ಣಲ್ಲಿ ಬಟ್ಟೆ ಕರಗ್ಸೋದೂ ಕ್ರಿಮಿಗಳೇ ಅಲ್ವಾ?"

"ಹಂಗಾದ್ರೆ ನಿಮ್ಮ ಅಂಗಡೀದೇ ಒಂದು ಕೊಡಿ."

"ನಾನೇನು ವ್ಯಾಪಾರಕ್ಕೆ ಬಂದಿದೀನಾ? ಅಮ್ಮ ಉಟ್ಟೂ ಉಟ್ಟೂ ಮೆತ್ತಗಾಗಿರೋ ಕಾಟನ್ ಸೀರೆ ಇರುತ್ತೆ, ಹುಡುಕು ಹೋಗು."

ಹುಡುಕಿದೆ. ಪೆಟ್ಟಿಗೆಯ ತಳದಲ್ಲಿ ನೀಲಿ ಅಂಚಿನದು ಸಿಕ್ಕಿತು. ಅದನ್ನೇ ಹೊದಿಸಿದೆವು.

ಕಳೆದ ತಿಂಗಳು ಅವರೂ ಹೋದರು. ಹೂಳುವ ಮುಂಚೆ ಅವರ ಮಗಳು ಬೀರುವಿನಿಂದ ಒಂದು ಬಿಳಿ ಬಟ್ಟೆ ತಂದಳು. ನನ್ನ ಕೈ ತಾನಾಗಿಯೇ ಲೇಬಲ್ ಹುಡುಕಿತು.

"ಲೇಬಲ್ ಇಲ್ಲ ಅಕ್ಕ. ಅಪ್ಪನೇ ತಮಗೆ ಅಂತ ಎತ್ತಿಟ್ಟಿದ್ದು" ಎಂದಳು.

ಇಬ್ಬರೂ ಬಟ್ಟೆ ಬಿಡಿಸಿ ಹಿಡಿದೆವು. ನನ್ನ ಕಡೆಯ ತುದಿಯಲ್ಲಿ ಗೇಣುದ್ದದ ಪಟ್ಟಿಯೊಂದನ್ನು ಆಗಲೇ ಕತ್ತರಿಸಿಕೊಂಡಿದ್ದರು.